ತೀರಿಸಲಾಗದ ಉಪಕಾರ: ಕೃಪೆಗೆ ಕೃತಜ್ಞತೆಯಿಂದ ಉತ್ತರ ಕೊಡುವ ಅಭ್ಯಾಸ

ಬೈಬಲಿನ 116ನೇ ಕೀರ್ತನೆಯನ್ನು ಬರೆದವನು ಸಾವಿನ ಬಾಯಿಂದ ಪಾರಾಗಿ ಬಂದವನು. ಅವನು ಒಂದು ಪ್ರಶ್ನೆ ಕೇಳುತ್ತಾನೆ: ಯೆಹೋವನು ನನಗೆ ಮಾಡಿದ ಇಷ್ಟೆಲ್ಲ ಉಪಕಾರಕ್ಕೆ ಬದಲಾಗಿ ಏನು ಕೊಡಲಿ? ಇದು ನಮಗೂ ಹೊಸದಲ್ಲ. ಕಷ್ಟಕಾಲದಲ್ಲಿ ಯಾರಾದರೂ ಕೈಹಿಡಿದರೆ 'ನಿಮ್ಮ ಋಣ ಹೇಗೆ ತೀರಿಸಲಿ' ಎಂದು ನಾವೂ ಕೇಳುತ್ತೇವೆ. ಆದರೆ ಅವನು ತಾನೇ ಕೊಟ್ಟುಕೊಳ್ಳುವ ಉತ್ತರ ನೋಡಿ. ರಕ್ಷಣೆಯ ಪಾತ್ರೆಯನ್ನು ತೆಗೆದುಕೊಳ್ಳುತ್ತೇನೆ, ಯೆಹೋವನ ಹೆಸರನ್ನು ಹೇಳಿ ಕರೆಯುತ್ತೇನೆ ಎನ್ನುತ್ತಾನೆ. ಏನು ಕೊಡಲಿ ಎಂದು ಕೇಳಿದವನು ಮತ್ತೆ ತೆಗೆದುಕೊಳ್ಳುವ ಮಾತಾಡುತ್ತಿದ್ದಾನೆ! ಹರಕೆ ಸಲ್ಲಿಸುವುದು, ಕೃತಜ್ಞತೆಯ ಯಜ್ಞ ಅರ್ಪಿಸುವುದು ಎಲ್ಲ ಮುಂದಿನ ವಚನಗಳಲ್ಲಿ ಬರುತ್ತವೆ. ಮೊದಲು ಬರುವುದು ಪಾತ್ರೆ.

ಈ ಎರಡು ವಚನ ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು. ಚಿಕ್ಕವಳಿದ್ದಾಗ ಸಂಡೇಸ್ಕೂಲಿನಲ್ಲಿ ಕೇಳಿದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತ್ತು: 'ಯೇಸು ನಿನಗಾಗಿ ಇಷ್ಟೆಲ್ಲ ಮಾಡಿದನಲ್ಲ, ನೀನು ಆತನಿಗಾಗಿ ಏನು ಮಾಡಿದ್ದೀ?' ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ನಾನು ಅದನ್ನು ಸಾಲದ ಕಂತಿನಂತೆ ಕಟ್ಟುತ್ತಾ ಹೋದೆ. ಒಂದು ವಾರ ಪ್ರಾರ್ಥನೆ ತಪ್ಪಿದರೆ ಬಡ್ಡಿ ಏರಿದಂತೆ ಭಯ. ಕೃಪೆ ಎಂಬ ಶಬ್ದವನ್ನು ದಿನಕ್ಕೆ ಹತ್ತು ಸಲ ಹಾಡುತ್ತಿದ್ದವಳಿಗೆ ಕೃಪೆಯ ರುಚಿಯೇ ಗೊತ್ತಿರಲಿಲ್ಲ.

ಕೃತಜ್ಞತೆ ಎಂಬ ಶಬ್ದವನ್ನೇ ಬಿಡಿಸಿ ನೋಡಿ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ತನಗೆ ಏನು ಮಾಡಲ್ಪಟ್ಟಿದೆ ಎಂದು ಬಲ್ಲವನೇ ಕೃತಜ್ಞ. ಅದರ ಎದುರು ಪದ ಕೃತಘ್ನ. ಮಾಡಿದ್ದನ್ನು ಕೊಲ್ಲುವವನು ಎಂದರ್ಥ. ಎರಡರಲ್ಲೂ 'ತೀರಿಸುವುದು' ಎಂಬ ಮಾತೇ ಇಲ್ಲ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಕೃಪೆಗೆ ಖಾರಿಸ್ ಎನ್ನುತ್ತಾರೆ. ಕೃತಜ್ಞತಾಸ್ತುತಿಗೆ ಯೂಖಾರಿಸ್ತಿಯಾ, ಅದರ ಹೊಟ್ಟೆಯೊಳಗೇ ಖಾರಿಸ್ ಇದೆ. 'ದೇವರಿಗೆ ಸ್ತೋತ್ರ' ಎಂದು ಪೌಲನು ಕೊರಿಂಥದವರಿಗೆ ಬರೆಯುವಾಗ ಕೆಲವು ಕಡೆ ಬಳಸುವುದೂ ಖಾರಿಸ್ ಎಂಬ ಅದೇ ಪದವನ್ನು. ದೇವರಿಂದ ಇಳಿದು ಬಂದದ್ದು ಮತ್ತು ನಮ್ಮಿಂದ ಏರಿ ಹೋಗುವುದು ಎರಡಕ್ಕೂ ಒಂದೇ ಹೆಸರು.

ಮುಂದಿನ ಹೆಜ್ಜೆಗಳು ನಾನು ಹಲವು ವರ್ಷಗಳಿಂದ ಎಡವುತ್ತಾ ನಡೆದು ಬಂದವು. ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡಬೇಡಿ. ಮೊದಲ ಎರಡರಲ್ಲಿ ಒಂದು ತಿಂಗಳು ನಿಲ್ಲಿ.

ಮೊದಲ ಹೆಜ್ಜೆ: ಲೆಕ್ಕದ ಪುಸ್ತಕ ಮುಚ್ಚುವುದು

ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯ ನೆನಪಿಸಿಕೊಳ್ಳಿ. ಒಬ್ಬ ಆಳು ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕು. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ. ವರ್ಷಕ್ಕೆ ಮುನ್ನೂರು ದಿನ ದುಡಿದು, ಒಂದು ಕಾಸೂ ತಿನ್ನದೆ ಕಟ್ಟಿದರೂ ಆ ಸಾಲ ತೀರಲು ಎರಡು ಲಕ್ಷ ವರ್ಷ ಬೇಕು. ಅಂಥವನು ಅರಸನ ಕಾಲಿಗೆ ಬಿದ್ದು ಏನು ಕೇಳಿದ? ಕ್ಷಮಿಸು ಎನ್ನಲಿಲ್ಲ. 'ಸ್ವಲ್ಪ ತಾಳಿಕೋ, ಎಲ್ಲಾ ಕೊಟ್ಟು ತೀರಿಸುತ್ತೇನೆ' ಎಂದ. ಅವನು ಕೇಳಿದ್ದು ವಾಯಿದೆ, ಅರಸ ಕೊಟ್ಟದ್ದು ಬಿಡುಗಡೆ.

ಹೊರಗೆ ಬಂದವನೇ, ನೂರು ದಿನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ. ನೂರು ದಿನಾರಿಯೂ ಸಣ್ಣ ಮೊತ್ತವಲ್ಲ, ನಾಲ್ಕು ತಿಂಗಳ ದುಡಿಮೆ. ನಮಗೆ ಇತರರು ಮಾಡಿದ ಅನ್ಯಾಯವೂ ಸಣ್ಣದೆಂದು ಯೇಸು ಹೇಳುತ್ತಿಲ್ಲ. ಆ ಆಳು ಯಾಕೆ ಹಾಗೆ ಮಾಡಿದ ಎಂದು ಬಹಳ ದಿನ ಯೋಚಿಸಿದ್ದೇನೆ. ನನಗೆ ಅನಿಸುವುದು ಇಷ್ಟು: ಸಾಲ ಮನ್ನಾ ಆದದ್ದು ಅವನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ತಾನಿನ್ನೂ ಸಾಲಗಾರನೇ ಎಂದುಕೊಂಡವನು ಸಿಕ್ಕಲ್ಲೆಲ್ಲ ವಸೂಲಿಗೆ ನಿಲ್ಲುತ್ತಾನೆ.

ಹಾಗಾಗಿ ಮೊದಲ ಕೆಲಸ ಹೀಗೆ. ಒಂದು ಹಾಳೆ ತೆಗೆದುಕೊಂಡು ಒಬ್ಬರೇ ಕುಳಿತುಕೊಳ್ಳಿ. ದೇವರಿಗೆ ನೀವು ಕಂತು ಕಟ್ಟುತ್ತಿದ್ದೀರಿ ಎನಿಸುವ ವಿಷಯಗಳನ್ನು ಬರೆಯಿರಿ. 'ಆ ಕಾಯಿಲೆ ವಾಸಿ ಮಾಡಿದನಲ್ಲ, ಆದ್ದರಿಂದ ಉಪವಾಸ ಬಿಡುವ ಹಾಗಿಲ್ಲ.' 'ಯೌವನದಲ್ಲಿ ತಪ್ಪು ಮಾಡಿದ್ದೇನೆ, ಆದ್ದರಿಂದ ಸಭೆಯಲ್ಲಿ ಯಾವ ಕೆಲಸ ಹೇಳಿದರೂ ಆಗುವುದಿಲ್ಲ ಎನ್ನಬಾರದು.' ನಿಮ್ಮ 'ಆದ್ದರಿಂದ'ಗಳು ಯಾವುವೋ ನಿಮಗೇ ಗೊತ್ತು. ಬರೆದಾದ ಮೇಲೆ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದ 8ರಿಂದ 10ನೇ ವಚನದವರೆಗೆ ಗಟ್ಟಿಯಾಗಿ ಓದಿ. ಕೃಪೆಯಿಂದ ರಕ್ಷಣೆ, ಅದು ದೇವರ ವರ, ಆಮೇಲೆ ಸತ್ಕ್ರಿಯೆಗಳು, ಕ್ರಮ ಗಮನಿಸಿ. ಪ್ರತಿ ಸಾಲಿನ ಮುಂದೆ 'ಇದು ಕೊಟ್ಟದ್ದು' ಎಂದು ಬರೆಯಿರಿ. ಉಪವಾಸ ಬಿಡಬೇಕಾಗಿಲ್ಲ, ಸೇವೆ ನಿಲ್ಲಿಸಬೇಕಾಗಿಲ್ಲ. ಅದೇ ಕೆಲಸವನ್ನು ಮಕ್ಕಳು ತಂದೆಯ ಮನೆಯಲ್ಲಿ ಮಾಡುವ ಹಾಗೆ ಮಾಡಲು ಕಲಿಯಬೇಕು, ಅಷ್ಟೇ.

ಕ್ರೈಸ್ತ ನಂಬಿಕೆಯನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ, 1563ರಲ್ಲಿ ಪ್ರಕಟವಾದ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ ರಚನೆಯಲ್ಲಿ ಈ ಕ್ರಮ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ಮೂರು ಭಾಗ: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ಹತ್ತು ಆಜ್ಞೆಗಳ ವಿವರಣೆಯನ್ನೂ ಪ್ರಾರ್ಥನೆಯನ್ನೂ ಅವರು ಇಟ್ಟದ್ದು ಮೂರನೇ ಭಾಗದಲ್ಲಿ, ಕೃತಜ್ಞತೆಯ ಕೆಳಗೆ. ಆಜ್ಞೆ ಪಾಲಿಸುವುದು ಬಿಡುಗಡೆ ಗಳಿಸಲಿಕ್ಕಲ್ಲ, ಬಿಡುಗಡೆಯಾದವರ ಬದುಕು ಅದು.

ಎರಡನೇ ಹೆಜ್ಜೆ: ರಾತ್ರಿಯ ಮೂರು ಸಾಲು

'ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ' ಎಂದು 103ನೇ ಕೀರ್ತನೆ ಹೇಳುವುದು ಬೇರೆ ಯಾರಿಗೂ ಅಲ್ಲ, ತನ್ನ ಮನಸ್ಸಿಗೇ. ಮನಸ್ಸು ತಾನಾಗಿ ನೆನೆಯುವುದಿಲ್ಲ, ಅದಕ್ಕೆ ಹೇಳಬೇಕು ಎಂದು ಕೀರ್ತನೆಗಾರನಿಗೆ ಗೊತ್ತಿತ್ತು. ಹೇಳಿ ಬಿಡುವುದಿಲ್ಲ ಅವನು, ಎಣಿಸಿ ತೋರಿಸುತ್ತಾನೆ: ಕ್ಷಮಿಸುತ್ತಾನೆ, ವಾಸಿಮಾಡುತ್ತಾನೆ, ನಾಶದಿಂದ ತಪ್ಪಿಸುತ್ತಾನೆ, ಪ್ರೀತಿಯ ಕಿರೀಟ ಇಡುತ್ತಾನೆ, ತೃಪ್ತಿಪಡಿಸುತ್ತಾನೆ.

ಒಂದು ಸಾದಾ ನೋಟ್‌ಬುಕ್ ಸಾಕು. ಮೊಬೈಲಿಗಿಂತ ಕಾಗದ ಒಳ್ಳೆಯದು, ಮಲಗುವ ಹೊತ್ತಿಗೆ ಇನ್ನೊಂದು ಕಡೆ ಕೈ ಹೋಗುವುದಿಲ್ಲ. ನನ್ನ ಮೊದಲ ನೋಟ್‌ಬುಕ್ ಈಗಲೂ ಇದೆ. ಮೊದಲ ಹದಿನಾಲ್ಕು ದಿನ ಹೆಚ್ಚುಕಡಿಮೆ ಒಂದೇ ಬರಹ: 'ಆರೋಗ್ಯ, ಮನೆ, ಕೆಲಸಕ್ಕಾಗಿ ಸ್ತೋತ್ರ.' ಬರೆಯುತ್ತಿದ್ದ ನನಗೇ ಬೇಸರವಾಗಿ ಬಿಡುವುದರಲ್ಲಿದ್ದೆ. ಹದಿನೈದನೇ ದಿನ ಮಗಳಿಗೆ ಜ್ವರ. ಆವತ್ತಿನ ಪುಟದಲ್ಲಿ ಪೆನ್ಸಿಲಿನಲ್ಲಿ ಹೀಗೆ ಇದೆ: 'ರಾತ್ರಿ ಎರಡೂವರೆಗೆ ಹಣೆ ಬೆವೆತು ಜ್ವರ ಇಳಿಯಿತು. ಕಣ್ಣು ಬಿಟ್ಟು ನೀರು ಕೇಳಿದಳು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಇವರ ಬೆರಳು ಸುಕ್ಕುಗಟ್ಟಿದ್ದವು.' ಆರೋಗ್ಯಕ್ಕಾಗಿ ಸ್ತೋತ್ರ ಎಂದು ಹದಿನಾಲ್ಕು ಸಲ ಬರೆದಾಗ ಬಾರದ ಕಣ್ಣೀರು ಆ ಮೂರು ವಾಕ್ಯಕ್ಕೆ ಬಂತು. ಅಂದಿನಿಂದ ನಾನು ಇಟ್ಟುಕೊಂಡ ನಿಯಮ ಒಂದೇ: ಹೊತ್ತು, ಜಾಗ, ಕೈ. ಯಾವಾಗ, ಎಲ್ಲಿ, ಯಾರ ಕೈಯಿಂದ ಬಂತು ಎಂಬುದು ಸಾಲಿನಲ್ಲಿ ಇರಬೇಕು. ಇವು ಮೂರೂ ಇಲ್ಲದ ಸಾಲು ನಾಳೆಯೂ ಬರೆಯಬಹುದಾದ ಸಾಲು.

ಮೂರರಲ್ಲಿ ಮೊದಲನೆಯದು ಆ ದಿನ ಕೈಗೆ ಬಂದ ಒಂದು ಒಳ್ಳೆಯದು. ಎರಡನೆಯದು ಒಬ್ಬ ವ್ಯಕ್ತಿ. ಮೂರನೆಯದನ್ನು ನಾನು ಕ್ಷಮೆಯ ಸಾಲು ಎಂದು ಕರೆಯುತ್ತೇನೆ, ಇದನ್ನು ಬಿಡಲೇಬೇಡಿ. ಇಂದು ಎಲ್ಲಿ ತಪ್ಪಿದೆ, ದೇವರು ಏನನ್ನು ಕ್ಷಮಿಸಿದ ಎಂದು ಅದರಲ್ಲಿ ಬರೆಯುವುದು. 'ಸಂಜೆ ಅತ್ತೆಯ ಮೇಲೆ ರೇಗಿದೆ. ನೀನು ನನ್ನ ಮೇಲೆ ರೇಗಲಿಲ್ಲ.' ಈ ಸಾಲು ಇಲ್ಲದಿದ್ದರೆ ನೋಟ್‌ಬುಕ್ ಅನುಕೂಲಗಳ ಪಟ್ಟಿಯಾಗಿ ಉಳಿಯುತ್ತದೆ. ಅನುಕೂಲ ಕಡಿಮೆಯಾದ ದಿನ ಬರೆಯಲು ಏನೂ ಇರುವುದಿಲ್ಲ. ಲೂಕ 7ರಲ್ಲಿ ಫರಿಸಾಯ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವ) ಸೀಮೋನನ ಮನೆಗೆ ಬಂದ, ಊರಲ್ಲಿ ಪಾಪಿ ಎನಿಸಿಕೊಂಡಿದ್ದ ಹೆಂಗಸು ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದದ್ದು ಅನುಕೂಲಗಳಿಗಾಗಿ ಅಲ್ಲ. ಯಾರಿಗೆ ಸ್ವಲ್ಪ ಕ್ಷಮಿಸಲ್ಪಟ್ಟಿದೆಯೋ ಅವರ ಪ್ರೀತಿಯೂ ಸ್ವಲ್ಪವೇ ಎಂದು ಯೇಸು ಅಲ್ಲಿ ಹೇಳುತ್ತಾನೆ. ಹೀಬ್ರೂ ಭಾಷೆಯಲ್ಲಿ ಕೃತಜ್ಞತಾಸ್ತುತಿಗೆ ಇರುವ 'ತೋದಾ' ಎಂಬ ಪದವೇ ತಪ್ಪೊಪ್ಪಿಗೆಗೂ ಬರುತ್ತದೆ. ಯೆಹೋಶುವನು, ಕದ್ದು ಬಚ್ಚಿಟ್ಟಿದ್ದ ಆಕಾನನಿಗೆ ತಪ್ಪನ್ನು ಒಪ್ಪಿಕೋ ಎನ್ನುವಾಗ ಬಳಸುವುದು ಅದನ್ನೇ. ಎರಡರಲ್ಲೂ ಇರುವುದು ಒಪ್ಪಿಕೊಳ್ಳುವ ಕೆಲಸ: ಇದು ನನ್ನದು, ಅದು ನಿನ್ನದು.

ಕ್ರಮದ ಬಗ್ಗೆ ಒಂದು ಮಾತು. 16ನೇ ಶತಮಾನದ ಕ್ಯಾಥೊಲಿಕ್ ಗುರು ಲೊಯೋಲಾದ ಇಗ್ನೇಷಿಯಸ್ ಕಲಿಸಿದ ದಿನದ ಆತ್ಮಪರಿಶೋಧನೆಯಲ್ಲಿ ಐದು ಅಂಶಗಳಿವೆ. ಮೊದಲನೆಯದೇ ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ. ಪಾಪದ ಲೆಕ್ಕ ಆಮೇಲೆ. ಯಾವ ಸಭೆಯ ಹಿನ್ನೆಲೆಯವರಾದರೂ ಇದನ್ನು ಅನುಸರಿಸಬಹುದು. ತಪ್ಪಿನಿಂದ ಶುರು ಮಾಡಿದ ರಾತ್ರಿಗಳಲ್ಲಿ ನಾನು ಕ್ಷಮೆಯವರೆಗೆ ಬರುವ ಮೊದಲೇ ಸೋತು ಮಲಗಿದ್ದುಂಟು.

ತಿಂಗಳ ಕೊನೆಗೆ ಹಿಂದಿನ ಪುಟಗಳನ್ನು ತಿರುವಿ. ಎಲ್ಲಾದರೂ 'ಅವರಿಗಿಂತ' ಎಂಬ ಮಾತು ಬಂದಿದ್ದರೆ ಅಡ್ಡಗೆರೆ ಎಳೆಯಿರಿ. 'ಅವರ ಮಕ್ಕಳಂತೆ ನಮ್ಮ ಮಕ್ಕಳು ದಾರಿತಪ್ಪಲಿಲ್ಲ, ಸ್ತೋತ್ರ.' ಲೂಕ 18ರಲ್ಲಿ ದೇವಾಲಯಕ್ಕೆ ಹೋದ ಫರಿಸಾಯನ ಪ್ರಾರ್ಥನೆ ಶುರುವಾಗುವುದೇ 'ದೇವರೇ, ನಿನಗೆ ಸ್ತೋತ್ರ' ಎಂದು, ಇತರರಂತೆ ತಾನಿಲ್ಲವಲ್ಲ ಎಂದು. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನಲ್ಲ, ಜನ ಪಾಪಿ ಎನ್ನುತ್ತಿದ್ದ, ಎದೆ ಬಡಕೊಂಡ ಸುಂಕದವನು.

ಮೂರನೇ ಹೆಜ್ಜೆ: ಹಿಂದಕ್ಕೆ ತಿರುಗುವುದು

ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಂಬತ್ತು ಮಂದಿ ಸಂತೋಷಪಡಲಿಲ್ಲ ಎಂದು ಎಲ್ಲಿಯೂ ಬರೆದಿಲ್ಲ. ಖಂಡಿತ ಕುಣಿದಾಡಿರಬೇಕು. ಯಾಜಕರ ಹತ್ತಿರ ಹೋಗಿರೆಂದು ಯೇಸುವೇ ಹೇಳಿದ್ದ, ಅವರು ಹೇಳಿದ ಹಾಗೇ ಕೇಳಿದರು. ಒಬ್ಬನು ಮಾತ್ರ, ಅವನೂ ಯೆಹೂದ್ಯರು ದೂರವಿಡುತ್ತಿದ್ದ ಸಮಾರ್ಯದವನು, ಮೈ ನೋಡಿಕೊಂಡು ಹಿಂದಿರುಗಿದ. ಬಂದದ್ದರ ಸಂತೋಷ ಹತ್ತು ಜನರಿಗೂ ಇತ್ತು. ಕೊಟ್ಟಾತನ ಮುಖ ಬೇಕೆನಿಸಿದ್ದು ಒಬ್ಬನಿಗೆ.

ನೋಟ್‌ಬುಕ್ ಬರೆಯುವುದು ಮೈ ನೋಡಿಕೊಂಡಷ್ಟೇ. ಆಮೇಲೆ ತಿರುಗಬೇಕು. ಇದಕ್ಕೆ ತೀರಾ ಸರಳ ಉಪಾಯ ಇದೆ: ಬರೆದ ಸಾಲನ್ನು 'ನೀನು' ಹಾಕಿ ಬಾಯಿಬಿಟ್ಟು ಓದಿ. 'ಜ್ವರ ಇಳಿಯಿತು' ಎಂಬುದು 'ತಂದೆಯೇ, ಎರಡೂವರೆ ಹೊತ್ತಿನಲ್ಲಿ ನೀನು ಜ್ವರ ಇಳಿಸಿದೆ' ಎಂದಾಗುತ್ತದೆ. ಪಿಸುಮಾತಾದರೂ ಸರಿ, ತುಟಿ ಅಲ್ಲಾಡಲಿ. ಸಮಾರ್ಯದವನು ಮಹಾಶಬ್ದದಿಂದ ಕೊಂಡಾಡಿದ ಎಂದಿದೆ. ಮನೆಯವರು ಮಲಗಿರುವಾಗ ನಮಗೆ ಅಷ್ಟು ಬೇಡ.

ನಾಲ್ಕನೇ ಹೆಜ್ಜೆ: ಊಟವಾದ ಮೇಲೂ

ಊಟಕ್ಕೆ ಮುಂಚೆ ಪ್ರಾರ್ಥಿಸುವ ರೂಢಿ ನಮ್ಮಲ್ಲಿ ಬಹುತೇಕರಿಗೆ ಇದೆ. ಬಾಯಿಪಾಠವಾಗಿ, ಬಿಸಿ ಆರುವ ಮೊದಲೇ ಮುಗಿಯುವ ಪ್ರಾರ್ಥನೆ. ಧರ್ಮೋಪದೇಶಕಾಂಡ 8 ಇನ್ನೊಂದು ಹೊತ್ತನ್ನು ಹೇಳುತ್ತದೆ: ಉಂಡು ತೃಪ್ತರಾದ ಮೇಲೆ ಯೆಹೋವನನ್ನು ಕೊಂಡಾಡಬೇಕು. ಅದೇ ಅಧ್ಯಾಯ ಮುಂದುವರಿದು, ಹೊಟ್ಟೆ ತುಂಬಿ, ಮನೆ ಕಟ್ಟಿ, ದನಕುರಿ ಹೆಚ್ಚಿದ ಮೇಲೆಯೇ ಮರೆವು ಬರುತ್ತದೆ, 'ನನ್ನ ಸಾಮರ್ಥ್ಯದಿಂದ ಸಂಪಾದಿಸಿದೆ' ಎನ್ನುವ ಮಾತು ಬರುತ್ತದೆ ಎಂದು ಎಚ್ಚರಿಸುತ್ತದೆ. ಆದಿಸಭೆಯ ದಿದಖೆ ಎಂಬ ಪುಟ್ಟ ಕೈಪಿಡಿಯಲ್ಲೂ 'ತೃಪ್ತರಾದ ಮೇಲೆ' ಹೇಳುವ ಒಂದು ಕೃತಜ್ಞತೆಯ ಪ್ರಾರ್ಥನೆ ಇದೆ. ದಿನಕ್ಕೆ ಒಂದು ಊಟದ ಕೊನೆಗೆ, ಕೈ ತೊಳೆಯಲು ಏಳುವ ಮುಂಚೆ, ಅರ್ಧ ನಿಮಿಷ ಕೂತು ಒಂದು ವಾಕ್ಯ ಹೇಳಿ. ಹಸಿವು ಹೋದ ಮೇಲೆ ಹೇಳುವ ಸ್ತೋತ್ರ ಕಷ್ಟ, ಅದಕ್ಕೇ ಬೇಕು.

ಐದನೇ ಹೆಜ್ಜೆ: ಬಾಯಿ ಬಾರದ ದಿನಗಳು

ಇಲ್ಲಿ ನಿಧಾನವಾಗಿ ನಡೆಯಬೇಕು. ನಮ್ಮ ಸಭೆಗಳಲ್ಲಿ ಅತಿ ಹೆಚ್ಚು ನೋವು ಕೊಟ್ಟ ಸದುದ್ದೇಶದ ಮಾತು ಯಾವುದೆಂದು ಕೇಳಿದರೆ, 'ಎಲ್ಲದಕ್ಕೂ ಸ್ತೋತ್ರ ಮಾಡಮ್ಮಾ' ಎಂಬುದೇ ಎನ್ನುತ್ತೇನೆ. ಮಣ್ಣು ಮಾಡಿ ಬಂದ ಮನೆಯಲ್ಲಿ, ಕೆಲಸ ಕಳಕೊಂಡವರ ಮುಂದೆ, ಹೊಡೆತ ತಿಂದು ಬಂದ ಹೆಣ್ಣುಮಗಳ ಎದುರಿಗೆ ಈ ಮಾತು ಕೇಳಿದ್ದೇನೆ.

1 ಥೆಸಲೊನೀಕ 5:18ರಲ್ಲಿ ಪೌಲನು ಹೇಳುವುದು 'ಎಲ್ಲಾದರಲ್ಲಿಯೂ' ಕೃತಜ್ಞತಾಸ್ತುತಿ ಮಾಡಿರಿ ಎಂದು. ಎಂಥ ಸ್ಥಿತಿಯೊಳಗಿದ್ದರೂ ಎಂಬುದು ಅದರ ಭಾವ. ಎಫೆಸ 5:20ರಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರ ಎಂದೂ ಅವನೇ ಬರೆದಿದ್ದಾನೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಪೌಲ ರೋಮಾಪುರದವರಿಗೆ 'ಕೆಟ್ಟತನಕ್ಕೆ ಹೇಸಿಕೊಳ್ಳಿರಿ, ಅಳುವವರ ಸಂಗಡ ಅಳಿರಿ' ಎಂದವನು. ದೇವರೇ ಹೇಸುವ ಕೆಟ್ಟತನಕ್ಕೆ ನಾವು ದೇವರಿಗೆ ಧನ್ಯವಾದ ಹೇಳಬೇಕೆಂದು ಅವನ ಮಾತನ್ನು ತಿರುಚಬಾರದು. ಯಾರಾದರೂ ನಿಮ್ಮ ಮೇಲೆ ದೌರ್ಜನ್ಯ ನಡೆಸಿದ್ದರೆ ಆ ದೌರ್ಜನ್ಯಕ್ಕೆ ಸ್ತೋತ್ರ ಹೇಳುವುದು ಕರ್ತವ್ಯವಲ್ಲ. ಅದನ್ನು ಹೇಳಬೇಕಾದವರ ಬಳಿ ಹೇಳಿ ನೆರವು ಪಡೆಯುವುದು ಅವಿಶ್ವಾಸವೂ ಅಲ್ಲ.

ಯೇಸುಸ್ವಾಮಿಯನ್ನೇ ನೋಡಿ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಆತನು ಕಣ್ಣೀರು ಬಿಟ್ಟನು (ಯೋಹಾನ 11:35). ಆರು ವಚನ ದಾಟಿದರೆ ಅದೇ ಜಾಗದಲ್ಲಿ, ಅದೇ ಕಣ್ಣುಗಳನ್ನು ಮೇಲಕ್ಕೆತ್ತಿ, 'ತಂದೆಯೇ, ನನ್ನ ಪ್ರಾರ್ಥನೆ ಕೇಳಿದ್ದಕ್ಕೆ ಸ್ತೋತ್ರ' ಎಂದನು. ಕಣ್ಣೀರು ಒರೆಸಿಕೊಂಡ ಮೇಲಷ್ಟೇ ಸ್ತೋತ್ರ ಎಂಬ ನಿಯಮ ಅಲ್ಲಿಲ್ಲ, ಅಳಬಾರದು ಎಂಬ ನಿಯಮವೂ ಇಲ್ಲ. ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ರೊಟ್ಟಿ ಹಿಡಿದು ಸ್ತೋತ್ರ ಮಾಡಿದಾತನೇ ಸ್ವಲ್ಪ ಹೊತ್ತಿನ ಮೇಲೆ ಗೆತ್ಸೇಮನೆಯಲ್ಲಿ ಮೊರೆಯಿಟ್ಟು, ಈ ಸಂಕಟದ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಬೇಡಿದನು.

ಇಂಥ ದಿನಗಳಲ್ಲಿ ಮಾಡಬಹುದಾದದ್ದು ಹೀಗೆ. ಮೊದಲು ದೂರು ಹೇಳಿ. 13ನೇ ಕೀರ್ತನೆ ಬರೀ ಆರು ವಚನ. 'ಎಷ್ಟರ ತನಕ' ಎಂಬ ಕೂಗು ಅದರ ಮೊದಲ ಎರಡರಲ್ಲೇ ನಾಲ್ಕು ಸಲ ಬರುತ್ತದೆ. ಅದನ್ನು ನಿಮ್ಮ ಮಾತಾಗಿ ಓದಿ. ಕೊನೆಯ ವಚನದ ಹಾಡಿನವರೆಗೆ ಹೋಗಲು ಆಗದಿದ್ದರೆ ನಾಲ್ಕನೆಯದರಲ್ಲೇ ನಿಲ್ಲಿಸಿ, ನಾಳೆ ಮುಂದುವರಿಸಿ. ಅದೂ ಆಗದಿದ್ದರೆ 88ನೇ ಕೀರ್ತನೆ ಇದೆ, ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಹಾಗೆ ಮುಗಿಯುವ ಪ್ರಾರ್ಥನೆಯನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ.

ಆಮೇಲೆ, ಶಕ್ತಿಯಿದ್ದರೆ, ಒಂದೇ ಒಂದು ವಿಷಯ ಹುಡುಕಿ. ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯದಲ್ಲಿ 276 ಜನ ಇದ್ದ ಹಡಗು ಬಿರುಗಾಳಿಗೆ ಸಿಕ್ಕಿದೆ. ಹದಿನಾಲ್ಕು ದಿನದಿಂದ ಯಾರೂ ಸರಿಯಾಗಿ ಉಂಡಿಲ್ಲ. ಹಡಗು ಉಳಿಯುವುದಿಲ್ಲ ಎಂದು ಪೌಲನಿಗೆ ಗೊತ್ತು, ಪ್ರಾಣಹಾನಿ ಆಗುವುದಿಲ್ಲ ಎಂಬ ದೇವರ ಮಾತೂ ಅವನಲ್ಲಿದೆ. ಬೆಳಗಾಗುವ ಹೊತ್ತಿಗೆ ಅವನು ರೊಟ್ಟಿ ತೆಗೆದುಕೊಂಡು ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಮಾಡಿ ಮುರಿದು ತಿನ್ನಲಾರಂಭಿಸಿದ. ಬಿರುಗಾಳಿಗಾಗಿ ಸ್ತೋತ್ರ ಮಾಡಿದ ಎಂದು ಅಲ್ಲಿ ಇಲ್ಲ. ಕೈಯಲ್ಲಿ ರೊಟ್ಟಿ ಇತ್ತು. ನಿಮ್ಮ ಕೈಯಲ್ಲಿ ಇವತ್ತು ಏನಿದೆ, ಅಷ್ಟು ಸಾಕು.

ಅಮ್ಮ ತೀರಿಕೊಂಡಾಗ ನನ್ನ ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ದಿನ ಖಾಲಿ. ಇಪ್ಪತ್ತಮೂರನೇ ದಿನ ಒಂದು ಸಾಲು: 'ಇವತ್ತು ಅಳುವಾಗ ಅಕ್ಕ ಪಕ್ಕದಲ್ಲಿ ಕೂತಳು, ಏನೂ ಮಾತಾಡಲಿಲ್ಲ. ಸ್ತೋತ್ರ.' ಆ ಖಾಲಿ ಪುಟಗಳನ್ನು ನಾನು ಹರಿದು ಹಾಕಿಲ್ಲ.

ದುಃಖದಲ್ಲಿರುವ ಬೇರೆಯವರ ವಿಷಯಕ್ಕೆ ಬಂದರೆ ಸ್ತೋತ್ರ ಮಾಡು ಎಂದು ಹೇಳಲೇಬೇಡಿ. ಅವರ ಬದಲಿಗೆ ನೀವು ಮಾಡಿ, ನಿಮ್ಮ ಮನೆಯಲ್ಲಿ, ಅವರಿಗೆ ಕೇಳಿಸದಂತೆ.

ಆರನೇ ಹೆಜ್ಜೆ: ಮನುಷ್ಯರಿಗೂ ಹೇಳುವುದು

'ಎಲ್ಲಾ ಮಹಿಮೆ ದೇವರಿಗೆ' ಎನ್ನುವ ಭರದಲ್ಲಿ ನಾವು ಒಂದು ಅನ್ಯಾಯ ಮಾಡುತ್ತೇವೆ. ಕೂಟ ಚೆನ್ನಾಗಿ ನಡೆದರೆ ದೇವರಿಗೆ ಸ್ತೋತ್ರ ಸಲ್ಲುತ್ತದೆ. ಮೂರು ದಿನ ಕುರ್ಚಿ ಹೊತ್ತ ಹುಡುಗರು, ಕೊನೆಗೆ ನೆಲ ಗುಡಿಸಿದ ಅಕ್ಕ ಯಾರ ಬಾಯಲ್ಲೂ ಬರುವುದಿಲ್ಲ. ಪೌಲನಿಗೆ ಈ ಸಂಕೋಚ ಇರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಹೆಸರುಗಳಿಂದ ತುಂಬಿದೆ. ಪ್ರಿಸ್ಕಿಲ್ಲ ಮತ್ತು ಅಕ್ವಿಲ ತನ್ನ ಪ್ರಾಣ ಉಳಿಸಲು ತಮ್ಮ ಕುತ್ತಿಗೆಯನ್ನೇ ಒಡ್ಡಿದರು, ಅವರಿಗೆ ತಾನು ಮಾತ್ರವಲ್ಲ, ಅನ್ಯಜನರ ಸಭೆಗಳೆಲ್ಲ ಕೃತಜ್ಞರು ಎಂದು ಬರೆಯುತ್ತಾನೆ. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ನೆರವನ್ನು ನೆನೆದು ನಾಲ್ಕನೇ ಅಧ್ಯಾಯದಲ್ಲಿ ಹತ್ತಕ್ಕೂ ಹೆಚ್ಚು ವಚನ ಬರೆದಿದ್ದಾನೆ.

ವಾರಕ್ಕೊಬ್ಬರಿಗೆ ಬರೆಯಿರಿ ಅಥವಾ ಎದುರಿಗೆ ಹೇಳಿ. ಅವರು ಮಾಡಿದ್ದೇನು, ಅದರಿಂದ ನಿಮಗೆ ಆದದ್ದೇನು, ಅದರಲ್ಲಿ ದೇವರ ಕೈ ಹೇಗೆ ಕಂಡಿತು, ಇಷ್ಟು ಬಂದರೆ ಸಾಕು. ನಾನು ಒಬ್ಬರಿಗೆ ಹನ್ನೊಂದು ವರ್ಷ ತಡವಾಗಿ ಬರೆದದ್ದು ಹೀಗಿತ್ತು: 'ಅಣ್ಣಾ, ಆವತ್ತು ಆಸ್ಪತ್ರೆಯ ಬಾಗಿಲಲ್ಲಿ ನೀವು ನಾಲ್ಕು ಗಂಟೆ ನಿಂತಿದ್ದಿರಿ. ಒಳಗೆ ನನಗೆ ಧೈರ್ಯ ಇದ್ದದ್ದು ಕಿಟಕಿಯಿಂದ ನಿಮ್ಮ ನೀಲಿ ಅಂಗಿ ಕಾಣುತ್ತಿತ್ತು ಎಂಬುದಕ್ಕೆ. ದೇವರು ನನ್ನನ್ನು ಬಿಟ್ಟಿಲ್ಲ ಅಂತ ಆವತ್ತು ನಂಬಿದೆ.' ತಡವಾಯಿತೆಂದು ಬಿಡಬೇಡಿ. ಪ್ರತಿಯಾಗಿ ಉಡುಗೊರೆ ಕಳಿಸುವ ಆತುರವೂ ಬೇಡ, ಅದು ಮತ್ತೆ ಲೆಕ್ಕ ಚುಕ್ತಾ ಮಾಡಿದಂತಾಗುತ್ತದೆ. ಸುಮ್ಮನೆ ಹೇಳಿ, ಅವರು 'ಅಯ್ಯೋ, ಅದೇನು ಮಹಾ' ಎಂದಾಗ ಮಾತನ್ನು ಅಲ್ಲಿಗೇ ಬಿಡಿ.

ಏಳನೇ ಹೆಜ್ಜೆ: ಮರುದಿನಕ್ಕೆ ಉಳಿಸದಿರುವುದು

ಯಾಜಕಕಾಂಡ 7ರಲ್ಲಿ ಕೃತಜ್ಞತೆಗಾಗಿ ಅರ್ಪಿಸುವ ಯಜ್ಞಕ್ಕೆ ಒಂದು ವಿಶೇಷ ನಿಯಮವಿದೆ. ಹರಕೆಯ ಯಜ್ಞದ ಮಾಂಸವನ್ನು ಮರುದಿನವೂ ತಿನ್ನಬಹುದು. ಕೃತಜ್ಞತೆಯ ಯಜ್ಞದ್ದನ್ನು ಮಾತ್ರ ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಏನೂ ಉಳಿಯಬಾರದು. ಜೊತೆಗೆ ರೊಟ್ಟಿಗಳೂ ಇರುತ್ತಿದ್ದವು. ಒಂದು ಇಡೀ ಪಶುವನ್ನು ಒಂದು ಮನೆಯವರು ಒಂದು ದಿನದಲ್ಲಿ ಮುಗಿಸುವುದು ಹೇಗೆ? ಕರೆಯಬೇಕು, ಹಂಚಬೇಕು. ನಿಯಮದ ಕಾರಣ ಅಲ್ಲಿ ಬರೆದಿಲ್ಲ, ಆದರೆ ಫಲ ಇದೇ ಆಗಿದ್ದಿರಬೇಕು ಎಂದು ನನಗೆ ಅನಿಸುತ್ತದೆ.

2 ಕೊರಿಂಥದ 8 ಮತ್ತು 9ನೇ ಅಧ್ಯಾಯಗಳಲ್ಲಿ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವ ಮಾತಿದೆ. ಪೌಲ ಶುರು ಮಾಡುವುದು ಮಕೆದೋನ್ಯದ ಸಭೆಗಳಿಗೆ ದೇವರು ಕೊಟ್ಟ ಕೃಪೆಯಿಂದ. ಮುಗಿಸುವುದು ದೇವರ ವರ್ಣಿಸಲಾಗದ ವರಕ್ಕಾಗಿ ಸ್ತೋತ್ರದಿಂದ. ನಡುವೆ ದುಡ್ಡು. ಪಡೆದದ್ದು ಮೇಲಕ್ಕೆ ಮರಳಿ ಸಂದಾಯವಾಗುವುದಿಲ್ಲ, ಪಕ್ಕದವರ ಕಡೆಗೆ ಹರಿಯುತ್ತದೆ.

ನೋಟ್‌ಬುಕ್ಕಿನ ಆ ದಿನದ ಸಾಲು ಯಾವುದೋ, ಅದೇ ಜಾತಿಯ ಒಂದನ್ನು ಒಂದು ದಿನದೊಳಗೆ ಬೇರೆಯವರಿಗೆ ದಾಟಿಸಿ. ಯಾರೋ ನಿಮ್ಮ ಮಾತು ಕೇಳಿಸಿಕೊಂಡಿದ್ದರೆ ನೀವು ಇನ್ನೊಬ್ಬರ ಮಾತಿಗೆ ಕಿವಿಗೊಡಿ. ಅನಿರೀಕ್ಷಿತವಾಗಿ ಹಣ ಬಂದಿದ್ದರೆ ಅದರಲ್ಲಿ ಒಂದು ಪಾಲು, ಹೆಸರು ಹೇಳಿಕೊಳ್ಳದೆ. ಮೂರನೇ ಸಾಲಿನಲ್ಲಿ ಕ್ಷಮೆ ಇದ್ದರೆ ನೂರು ದಿನಾರಿಯ ಆ ಜೊತೆಯಾಳು ಯಾರೆಂದು ನಿಮಗೇ ಗೊತ್ತು.

ಅಭ್ಯಾಸ ತಪ್ಪುತ್ತದೆ. ಹತ್ತು ದಿನ ಬರೆಯದೆ ಹೋಗುತ್ತದೆ. ಬಿಟ್ಟ ದಿನಗಳನ್ನು ತುಂಬಿಸಲು ಹೋಗಬೇಡಿ, ಮುಚ್ಚಿದ ಲೆಕ್ಕದ ಪುಸ್ತಕ ಅಲ್ಲಿಂದಲೇ ಮತ್ತೆ ತೆರೆದುಕೊಳ್ಳುವುದು. ಹೊಸ ಪುಟದಲ್ಲಿ ಇವತ್ತಿನ ತಾರೀಖು ಹಾಕಿ.

ಕೊನೆಯದಾಗಿ: ಕರ್ತನ ಮೇಜಿಗೆ ಬರುವುದು

ಯೂಖಾರಿಸ್ತಿಯಾ ಎಂಬ ಪದವೇ ಕರ್ತನ ರಾತ್ರಿಭೋಜನಕ್ಕೆ ಹೆಸರಾಗಿ ನಿಂತಿದೆ. ನಿಮ್ಮ ಸಭೆಯಲ್ಲಿ ಭೋಜನ ಇರುವ ಭಾನುವಾರದ ಹಿಂದಿನ ರಾತ್ರಿ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಒಮ್ಮೆ ಓದಿ. ಕ್ಷಮೆಯ ಸಾಲುಗಳನ್ನು ಬೆರಳಿಟ್ಟು ಓದಿ. ಯಾರಿಗಾದರೂ ಹೇಳಬೇಕಾದ ಧನ್ಯವಾದವೋ ಕೇಳಬೇಕಾದ ಕ್ಷಮೆಯೋ ಉಳಿದಿದ್ದರೆ ಬೆಳಗ್ಗೆ ಆರಾಧನೆಗೆ ಮುಂಚೆ ಅವರ ಬಳಿ ಹೋಗಿ.

ಐಗುಪ್ತದ ಬಿಡುಗಡೆಯನ್ನು ನೆನೆಯುವ ಪಸ್ಕದ ಊಟದಲ್ಲಿ ಯೆಹೂದ್ಯರು ಹಾಡುವುದು 113ರಿಂದ 118ರವರೆಗಿನ ಕೀರ್ತನೆಗಳನ್ನು. ಶಿಲುಬೆಯ ಹಿಂದಿನ ರಾತ್ರಿ ಶಿಷ್ಯರೊಂದಿಗೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೊರಟ ಯೇಸುವಿನ ಬಾಯಲ್ಲಿ 116ನೆಯದೂ ಇದ್ದಿರಬೇಕು ಎಂದು ನೆನೆದಾಗಲೆಲ್ಲ ನನ್ನ ಮೈ ನಡುಗುತ್ತದೆ. ಬದಲಾಗಿ ಏನು ಕೊಡಲಿ ಎಂದು ಹಾಡಿ, ಎಲ್ಲವನ್ನೂ ಕೊಡಲು ಎದ್ದು ಹೋದನು.

ಸಾಲಿನಲ್ಲಿ ನಿಂತಾಗ ಕೈಯಲ್ಲಿ ಏನೂ ಇಟ್ಟುಕೊಳ್ಳಬೇಡಿ, ಪುಸ್ತಕವಾಗಲಿ ಚೀಲವಾಗಲಿ. ಎರಡೂ ಕೈ ಬಿಚ್ಚಿರಲಿ. ರೊಟ್ಟಿ ಬರುತ್ತದೆ, ಪಾತ್ರೆ ಬರುತ್ತದೆ, ತೆಗೆದುಕೊಳ್ಳಿ.